ಮೊದಲ ಯಾವುದು ತಗೀಲಿ?

ಚಾಚಾರ ಬಲಗಣ್ಣಿನ ಸುತ್ತ ಒಂದು ಉಂಗುರವಿತ್ತು. ಲೋಟದ ಬಾಯನ್ನು ಒತ್ತಿ ತೆಗೆದ ಹಾಗೆ, ಹುಬ್ಬಿನಿಂದ ಕೆನ್ನೆಯ ಎಲುಬಿನ ತನಕ ದುಂಡಗೆ, ಉಳಿದ ಮುಖಕ್ಕಿಂತ ತುಸು ಬೆಳ್ಳಗೆ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿ ವರ್ಷಾನುಗಟ್ಟಲೆ ಅಲ್ಲೇ ಕೂತು ಮಾಡಿದ ಗುರುತು ಅದು. ಗೋಕಾಕದಲ್ಲಿ ಗಡಿಯಾರ ರಿಪೇರಿಗೆ ತರುವವರು ಕಡಿಮೆಯಾದಾಗ ಅವರು ಮೊದಲು ಮೊಬೈಲಿಗೆ ಬಂದರು, ಆಮೇಲೆ ಕಂಪ್ಯೂಟರಿಗೆ, ಕೊನೆಗೆ ಸತ್ತ ಹಾರ್ಡ್ ಡಿಸ್ಕುಗಳಿಗೆ. ಕೆಲಸ ಬದಲಾದರೂ ಕಣ್ಣಿನ ಉಂಗುರ ಹಾಗೇ ಉಳಿಯಿತು. ನಾನು ಅಂಗಡಿಯ ಮೆಟ್ಟಿಲು ಹತ್ತಿದಾಗೆಲ್ಲ ತಲೆಯೆತ್ತಿ ಆ ಕಣ್ಣಿನಿಂದಲೇ ಮೊದಲು ನೋಡುತ್ತಿದ್ದರು. ನೋಡಿ ಒಂದೇ ಮಾತು: "ಕುಂಡ್ರ ತಮ್ಮಾ."

ನಾನು ಕೂಡುವ ಪೈಕಿ ಅಲ್ಲ. ಕಲ್ಲೋಳಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ನಿಂತೇ ದುಡಿದವನು. ಬಸ್ಸು ನಿಲ್ಲುವ ಮುಂಚೆ ಇಳಿಯುವವನು, ಚಹ ಆರುವ ಮುಂಚೆ ಕುಡಿದು ನಾಲಿಗೆ ಸುಟ್ಟುಕೊಳ್ಳುವವನು. ನನ್ನ ಚಪ್ಪಲಿಯ ಹಿಮ್ಮಡಿ ಉಳಿದವರಿಗಿಂತ ಎರಡು ತಿಂಗಳು ಮೊದಲೇ ಸವೆಯುತ್ತದೆ ಎಂದು ಹೆಂಡತಿ ಲೆಕ್ಕ ಇಟ್ಟಿದ್ದಾಳೆ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಾಚಾರ ಪರಿಚಯವಾದದ್ದು ನನ್ನ ಅವಸರದಿಂದ, ಅವರಿಗೆ ನಾನು ತೀರಿಸಲಾಗದಷ್ಟು ಋಣಿಯಾದದ್ದೂ ಅದರಿಂದಲೇ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಎರಡು-ಮೂರು ದಿನದಲ್ಲಿ ಆ ಮನೆಯವರು ನನ್ನಂಥವರ ಬಾಗಿಲಿಗೆ ಬರುತ್ತಾರೆ. ಕಾರ್ಯದ ದಿನ ಹೂವಿನ ಹಾರ ಹಾಕಲು ಒಂದು ದೊಡ್ಡ ಫೋಟೊ ಬೇಕು. ಯಾವುದೋ ಮದುವೆಯ ಗುಂಪಿನ ಚಿತ್ರ ತೋರಿಸಿ, ಮೂರನೆಯ ಸಾಲಿನಲ್ಲಿ ಅರ್ಧ ಮರೆಯಾಗಿ ನಿಂತ ಮುಖದ ಮೇಲೆ ಬೆರಳಿಟ್ಟು, ಇವರನ್ನು ತೆಗೆದುಕೊಡಿ ಎನ್ನುತ್ತಾರೆ. ಅದೂ ಇಲ್ಲದವರು, ನಿಮ್ಮ ಹತ್ತಿರ ಯಾವಾಗಲೋ ಪಾಸ್‌ಪೋರ್ಟ್ ಫೋಟೊ ತೆಗೆಸಿದ್ದರು, ಹುಡುಕಿಕೊಡಿ ಎನ್ನುತ್ತಾರೆ. ಹೀಗಾಗಿ ನಾನು ಹಳೆಯ ಫೋಟೊಗಳನ್ನು ಅಳಿಸುತ್ತಿರಲಿಲ್ಲ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕಪಾಟಿನಲ್ಲಿ ಇಟ್ಟಿದ್ದೆ. ನನ್ನ ಮಗಳು ಹುಟ್ಟಿದಾಗಿನಿಂದ ಮೂರು ವರ್ಷ ತುಂಬುವ ತನಕ ತೆಗೆದ ಫೋಟೊಗಳೂ ಅದರಲ್ಲೇ ಇದ್ದವು. ಅವುಗಳ ಇನ್ನೊಂದು ನಕಲು ಮಾಡಬೇಕು, ಒಂದು ಆಲ್ಬಮ್ ಮಾಡಬೇಕು ಎಂದುಕೊಳ್ಳುತ್ತಲೇ ಇದ್ದೆ. ಊರ ಮಂದಿಗೆಲ್ಲ ಆಲ್ಬಮ್ ಮಾಡಿಕೊಡುವವನ ಮನೆಯಲ್ಲಿ ಸ್ವಂತ ಮಗಳದೇ ಒಂದು ಫೋಟೊ ಇರಲಿಲ್ಲ.

ಇದು ಹನ್ನೆರಡು-ಹದಿಮೂರು ವರ್ಷದ ಹಿಂದಿನ ಮಾತು. ಕ್ಯಾಮೆರಾ ಇರುವ ಫೋನು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಊರಿನದೇ ಒಬ್ಬ ಹೆಣ್ಣುಮಗಳು ಸ್ಟುಡಿಯೊಕ್ಕೆ ಬಂದಳು. ಹೊಲದ ಕೂಲಿಗೆ ಹೋಗುವವಳು, ನನಗಿಂತ ಎರಡು-ಮೂರು ವರ್ಷ ದೊಡ್ಡವಳು. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅವಳ ಗಂಡ ತೀರಿಕೊಂಡು ನಾಲ್ಕು ದಿನವಾಗಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೊ ಬೇಕಿತ್ತು. ಮನೆಯಲ್ಲಿ ಅವನದು ಒಂದೂ ಇರಲಿಲ್ಲ.

ನನಗೆ ಅವನ ನೆನಪು ಚೆನ್ನಾಗಿಯೇ ಇತ್ತು. ಯಾವುದೋ ಪಾಸ್‌ಬುಕ್ಕಿಗೆಂದು ಫೋಟೊ ತೆಗೆಸಲು ಬಂದಿದ್ದ. ಎಲ್ಲರಿಗೂ ತೊಡಿಸಲು ನಾನು ಗೂಟಕ್ಕೆ ನೇತುಹಾಕಿದ್ದ ಕೋಟನ್ನು ಅವನಿಗೂ ತೊಡಿಸಿದ್ದೆ. ಅವನ ತೋಳಿಗೆ ಕೋಟು ಗಿಡ್ಡವಾಗಿತ್ತು. ತಲೆಯ ರುಮಾಲು ತೆಗೆಯಲು ನಾಚಿಕೊಂಡ, ತೆಗೆದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡು ನಗಲು ಶುರುಮಾಡಿದ. ನಗಬೇಡ ಎಂದು ನಾನು ಹೇಳಿದಷ್ಟೂ ನಗುತ್ತಿದ್ದ. ಮುಂದೆ ಮಂದಿ ಕಾಯುತ್ತಿದ್ದರು, ಬೇಸತ್ತು ನಗುವಾಗಲೇ ಒತ್ತಿಬಿಟ್ಟಿದ್ದೆ.

ಅದನ್ನು ಅಕ್ಕನಿಗೆ ಹೇಳಿದೆ. ಅವಳ ಮುಖ ಬೆಳಗಿತು. ಎರಡು ನಿಮಿಷ ಎಂದು ಹೇಳಿ ಕಪಾಟಿನಿಂದ ಡಿಸ್ಕ್ ತೆಗೆದೆ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರು ಸಿಗಲಿಲ್ಲ. ಮೇಜಿನ ಕೆಳಗೆ ಪ್ರಿಂಟರಿನ ಅಡಾಪ್ಟರು ಬಿದ್ದಿತ್ತು. ನೋಡಲು ಎರಡೂ ಒಂದೇ. ಪಿನ್ನು ಸರಿಯಾಗಿ ಹೊಂದಿತು, ಸ್ವಿಚ್ಚು ಹಾಕಿದೆ. ಚಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಪ್ರಿಂಟರಿನದು ದುಪ್ಪಟ್ಟು ಕರೆಂಟಿನ ಅಡಾಪ್ಟರು.

ಅಕ್ಕ ಬೆಂಚಿನ ಮೇಲೆ ಸೆರಗು ಬಿಗಿಹಿಡಿದು ಕೂತಿದ್ದಳು. ನಾನು ಅವಳ ಕಡೆ ತಿರುಗಿ, "ಕರೆಂಟ್ ಹೋತ್ರಿ ಅಕ್ಕಾರ, ನಾಳೆ ಬರ್ರಿ" ಅಂದೆ. ನಮ್ಮಿಬ್ಬರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅವಳು ಒಮ್ಮೆ ಮೇಲೆ ನೋಡಿದಳು. ಎದ್ದುಹೋದಳು.

ಮರುದಿನ ಬೆಳಿಗ್ಗೆ ಅವಳು ಬರುವ ಮುಂಚೆಯೇ ಶಟರ್ ಎಳೆದು ಗೋಕಾಕಕ್ಕೆ ಓಡಿದೆ. ಇಂಥ ಕೆಲಸ ಮಾಡುವವರು ಒಬ್ಬರೇ ಎಂದು ಯಾರೋ ಹೇಳಿದ್ದರು. ಬಜಾರದ ಒಳಗೆ ಅತ್ತರಿನ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಒಂದು ಕಿರಿದಾದ ಕೋಣೆ. ಗಿರಣಿಯ ಹಿಟ್ಟು ಒಳಗೆ ಬರಬಾರದೆಂದು ಬಾಗಿಲಿಗೆ ಒದ್ದೆ ಮಾಡಿದ ಗೋಣಿತಾಟು ಕಟ್ಟಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ: ಅಡಾಪ್ಟರು, ಅಕ್ಕ, ಹನ್ನೊಂದನೆಯ ದಿನ, ಮಗಳು.

"ಕುಂಡ್ರ ತಮ್ಮಾ" ಅಂದರು. "ನೀ ಹಿಂಗ ನಿಂತ್ರ ಇದಕ್ಕೂ ಗಾಬರಿ ಆಕ್ಕೈತಿ."

ಡಿಸ್ಕಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಬಿಚ್ಚಿದ ಅನುಕ್ರಮದಲ್ಲೇ ಒಂದು ಬಿಳಿ ತಟ್ಟೆಯಲ್ಲಿಟ್ಟರು. ಕೆಳಗಿನ ಹಸಿರು ಬೋರ್ಡು ಒಂದು ಕಡೆ ಕಪ್ಪಾಗಿತ್ತು. ಒಳಗಿನ ತಟ್ಟೆಗಳಿಗೆ ಬಹುಶಃ ಏನೂ ಆಗಿಲ್ಲ, ಸುಟ್ಟದ್ದು ಬೋರ್ಡು. ಇದೇ ನಂಬರಿನ ಇನ್ನೊಂದು ಬೋರ್ಡು ಸಿಕ್ಕರೆ ನೋಡಬಹುದು ಎಂದು ವಿವರಿಸಿದರು. ಎಲ್ಲ ಹೋಯಿತು ಹಾಗಾದರೆ ಎಂದು ನಾನು ಗೊಣಗಿದೆ. ಅವರು ಭೂತಗನ್ನಡಿ ತೆಗೆದು, "ಹೋಗಿಲ್ಲ, ಸಿಗವಲ್ಲದು. ಎರಡೂ ಬ್ಯಾರೆ" ಅಂದರು. ಮುಂದಿನ ವರ್ಷಗಳಲ್ಲಿ ಈ ಮಾತನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ. ಅಳುತ್ತ ಬಂದವರಿಗೂ ಹೇಳುತ್ತಿದ್ದರು, ಕಾಲೇಜಿನ ಪ್ರಾಜೆಕ್ಟು ಕಳಕೊಂಡು ಬಂದವರಿಗೂ ಹೇಳುತ್ತಿದ್ದರು.

ಆ ಬೋರ್ಡು ಹುಡುಕಲು ಎರಡು ದಿನ ಅವರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ತಿರುಗಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ತುಂಬಿಕೊಂಡು ನಿಧಾನಕ್ಕೆ ಹೋಗುತ್ತಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹಾರ್ನು ಒತ್ತುತ್ತಲೇ ಇದ್ದೆ. ಹಿಂದಿನಿಂದ ಅವರು ಹೆಗಲು ತಟ್ಟಿ, ನೀನು ಒತ್ತಿದ್ದಕ್ಕೆ ಕಬ್ಬು ಕಡಿಮೆಯಾಗುವುದಿಲ್ಲ ಎಂದು ನಗುತ್ತಿದ್ದರು. ಮೊದಲ ದಿನ ಮೂಡಲಗಿಯಲ್ಲಿ ಬಾಗಿಲು ಮುಚ್ಚಿದ ಒಂದು ಇಂಟರ್ನೆಟ್ ಅಂಗಡಿಯ ಹಳೆಯ ಕಂಪ್ಯೂಟರುಗಳನ್ನೆಲ್ಲ ಬಿಚ್ಚಿಸಿದರು. ಕಂಪನಿ ಅದೇ, ನಂಬರು ಬೇರೆ. ಒಂದೇ ಅಂಕಿಯ ವ್ಯತ್ಯಾಸ. ನಡೆಯುತ್ತದೆ, ಹಾಕಿಬಿಡೋಣ ಎಂದೆ. ಅವರು ನನ್ನ ಮುಖವನ್ನು ನೋಡಿದರು. ಪಿನ್ನು ಹೊಂದಿತೆಂದು ಪ್ರಿಂಟರಿನ ಅಡಾಪ್ಟರು ಹಾಕಿದವನು ನಾನು ಎಂಬುದು ನನಗೇ ನೆನಪಾಯಿತು.

ಎರಡನೆಯ ದಿನ ಹುಕ್ಕೇರಿಯಲ್ಲಿ ಸಿಕ್ಕಿತು. ಒಂದು ಝೆರಾಕ್ಸ್ ಅಂಗಡಿಯಲ್ಲಿ ಕಾಗದ ಹಾರದಂತೆ ಮೇಲೆ ಹೇರಿಟ್ಟಿದ್ದ ಭಾರವೇ ನಮಗೆ ಬೇಕಾದ ಡಿಸ್ಕು. ಅಂಗಡಿಯವನಿಗೆ ಅದು ಕೆಟ್ಟದ್ದೆಂದು ಗೊತ್ತಿತ್ತು, ಆದರೂ ಕೊಡಲು ಒಪ್ಪಲಿಲ್ಲ. ಫ್ಯಾನು ಹಾಕಿದರೆ ತನ್ನ ಕಾಗದವೆಲ್ಲ ಹಾರುತ್ತದೆಂದು ಅವನ ತಕರಾರು. ನಾನು ಜಗಳಕ್ಕೆ ನಿಂತೆ. ಚಾಚಾ ಹೊರಗೆ ಹೋದರು. ಎದುರಿಗೆ ಕಟ್ಟುತ್ತಿದ್ದ ಮನೆಯ ಉಸುಕಿನ ಗುಂಪಿಯಲ್ಲಿ ಒಂದು ದುಂಡನೆಯ ಕಲ್ಲು ಹುಡುಕಿ, ನಲ್ಲಿಯಲ್ಲಿ ತೊಳೆದು, ತಮ್ಮ ಅಂಗಿಯ ತುದಿಯಿಂದ ಒರೆಸಿ ತಂದರು. ಕಾಗದದ ಮೇಲಿಟ್ಟು ಫ್ಯಾನನ್ನು ಪೂರ್ತಿ ಜೋರು ಮಾಡಿಸಿದರು. ಒಂದು ಹಾಳೆಯೂ ಅಲುಗಲಿಲ್ಲ. ಅಂಗಡಿಯವನು ನಗುತ್ತ ಡಿಸ್ಕು ಕೊಟ್ಟ. ಬರುವಾಗ ಘಟಪ್ರಭೆಯ ಸೇತುವೆಯ ಮೇಲೆ ಅವರು ಹಿಂದೆ ಕೂತು ಏನೋ ಗುನುಗುತ್ತಿದ್ದರು. ನಾನು ದಿನ ಎಣಿಸುತ್ತಿದ್ದೆ. ಅವತ್ತಿಗೆ ಏಳನೆಯ ದಿನ.

ಹಳೆಯ ಬೋರ್ಡಿನಿಂದ ಅಕ್ಕಿಕಾಳಿನಷ್ಟು ಚಿಕ್ಕದೊಂದು ಚಿಪ್ಪನ್ನು ಬಿಡಿಸಿ ಹೊಸ ಬೋರ್ಡಿಗೆ ಕೂರಿಸಬೇಕಿತ್ತು. ಅದಕ್ಕೆ ಎಂಟು ಕಾಲು. ಹೇಗೆ ಮಾಡಬೇಕೆಂದು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಚಾಚಾ ಓದಿದ್ದು ಉರ್ದು ಸಾಲೆಯಲ್ಲಿ ನಾಲ್ಕೋ ಐದೋ ತರಗತಿ. ಅವರ ಸೊಸೆ ಪದವೀಧರೆ. ಮಧ್ಯಾಹ್ನ ಬುತ್ತಿ ತಂದಾಗ ಅಲ್ಲೇ ಕೂತು ಇಂಗ್ಲಿಷಿನಲ್ಲಿ ಓದಿ ಉರ್ದುವಿನಲ್ಲಿ ಹೇಳುತ್ತಿದ್ದಳು. ಅವರು ಕಣ್ಣು ಮುಚ್ಚಿ ಕೇಳಿ, ಒಂದು ಸಲ ಗಾಳಿಯಲ್ಲಿ ಬೆರಳಾಡಿಸಿ, ಆಮೇಲೆ ಕೈ ಹಚ್ಚುತ್ತಿದ್ದರು. ಆ ದಿನವೆಲ್ಲ ನಾನು ಬಜಾರದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಅತ್ತರಿನ ಅಂಗಡಿಯವನು, ನಿಮಗೆ ಏನಾದರೂ ಬೇಕೇ ಎಂದು ನಾಲ್ಕು ಸಲ ಕೇಳಿದ.

ಒಂಬತ್ತನೆಯ ದಿನ ಡಿಸ್ಕು ತಿರುಗಿತು.

ಇಲ್ಲಿ ಚಾಚಾರ ಒಂದು ಪದ್ಧತಿಯನ್ನು ಹೇಳಬೇಕು. ಡಿಸ್ಕು ಯಾರದೋ ಅವರೇ ಎದುರಿಗೆ ಕೂತಿರಬೇಕು. ಚಾಚಾ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿ, ತಾವು ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಬೇರೆಯವರ ಫೈಲನ್ನು ಅವರು ಎಂದೂ ಕಣ್ಣೆತ್ತಿ ನೋಡಿದವರಲ್ಲ. ಹೆಂಡತಿಯ ಲ್ಯಾಪ್‌ಟಾಪನ್ನು ಚೀಲದಲ್ಲಿ ಅಡಗಿಸಿ ತಂದ ಒಬ್ಬ ದೊಡ್ಡ ಮನುಷ್ಯನಿಗೆ, ಅವರನ್ನೇ ಕರೆದುಕೊಂಡು ಬನ್ನಿ ಎಂದು ಹೇಳಿ, ಅವನು ಮೇಜು ಗುದ್ದಿ ಕೂಗಾಡಿದರೂ ಚೀಲ ಬಿಚ್ಚದೆ ಹಿಂದಕ್ಕೆ ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಶುರುಮಾಡುವ ಮುಂಚೆ ಒಂದು ಚೀಟಿ ಬರೆಯುತ್ತಿದ್ದರು. ಮೊದಲು ಯಾವುದು ಬೇಕು, ಎರಡನೆಯದು ಯಾವುದು. ಕೆಟ್ಟು ರಿಪೇರಿಯಾದ ಡಿಸ್ಕು ಎಷ್ಟು ಹೊತ್ತು ಬದುಕುತ್ತದೆಂದು ಹೇಳಲಾಗದು, ಅದಕ್ಕೇ ಈ ಚೀಟಿ. ತೆಗೆದದ್ದನ್ನು ಮಾಲೀಕರು ತಮ್ಮ ಕಣ್ಣಿನಿಂದ ನೋಡಿ ಹೌದು ಅಂದ ಮೇಲೆಯೇ ಅದರ ಮುಂದೆ ಒಂದು ರೈಟ್ ಗುರುತು.

ಅವತ್ತೂ ಚೀಟಿ ತೆಗೆದು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಕಿಸಿ ನನ್ನ ಕಡೆ ನೋಡಿದರು.

"ಹತ್ತ ನಿಮಿಷ ನಡೀತೈತೋ ಹತ್ತ ದಿವಸ ನಡೀತೈತೋ ನನಗ ಗೊತ್ತಿಲ್ಲ. ಮೊದಲ ಯಾವುದು ತಗೀಲಿ?"

"ಮಗಳದ" ಅಂದೆ.

ಪೆನ್ಸಿಲು ಕಾಗದದ ಮೇಲೆ ನಿಂತಿತು. "ಖರೇನ?"

"ಹೂಂರಿ ಚಾಚಾ. ಅದ ಮುಗದ ಕೂಡ್ಲೇ ಅಕ್ಕಾರ ಯಜಮಾನ್ರದು. ಅದೇನ, ಐದ ನಿಮಿಷದ ಕೆಲಸ."

ಐದು ನಿಮಿಷದ ಕೆಲಸವೆಂದರೆ ಅದನ್ನೇ ಮೊದಲು ಮಾಡಬಹುದಿತ್ತಲ್ಲ? ಈ ಸರಳ ಮಾತು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೇನೋ. ಹಿಂದಿನ ದಿನ ಹೆಂಡತಿ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತು, ಹುಡುಗಿ ಮೊದಲ ಹೆಜ್ಜೆ ಇಟ್ಟದ್ದು ಅದರಲ್ಲಿತ್ತಲ್ಲ ಎಂದಷ್ಟೇ ಹೇಳಿದ್ದಳು. ಅದೇ ಕಿವಿಯಲ್ಲಿತ್ತು. ಚಾಚಾ ಮತ್ತೆ ಕೇಳಲಿಲ್ಲ. ಚೀಟಿಯ ಮೇಲೆ ಒಂದು, ಎರಡು ಎಂದು ಬರೆದು, ಗೋಡೆಯ ಕಡೆ ತಿರುಗಿ ಕೂತರು.

ಮಗಳ ಫೋಲ್ಡರಿನಲ್ಲಿ ಮೂರು ವರ್ಷದ ಫೋಟೊ, ಅದರ ಮೇಲೆ ವಿಡಿಯೊ. ಪರದೆಯ ಮೇಲೆ ಹಸಿರು ಗೆರೆ ಇರುವೆಯ ಹಾಗೆ ಮುಂದೆ ಸರಿಯುತ್ತಿತ್ತು. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ವಿಡಿಯೊ ಬಂತು. ತೆರೆದು ನೋಡಿದೆ, ಮಗಳು ಗೋಡೆ ಬಿಟ್ಟು ನನ್ನ ಕಡೆ ಎರಡು ಹೆಜ್ಜೆ ಇಟ್ಟು ಕುಂಡಿಯ ಮೇಲೆ ಬಿದ್ದಳು. ಸರಿಯಾಗಿದೆ ಎಂದೆ. ಚಾಚಾ ತಿರುಗದೆಯೇ ಚೀಟಿಯ ಮೇಲೆ ರೈಟ್ ಹಾಕಿದರು. ನಾನು ಅಕ್ಕನ ಗಂಡ ಬಂದಿದ್ದ ವರ್ಷದ ಪಾಸ್‌ಪೋರ್ಟ್ ಫೋಟೊಗಳ ಫೋಲ್ಡರಿನ ಮೇಲೆ ಬಾಣ ಇಟ್ಟು ಒತ್ತಿದೆ. ಡಿಸ್ಕಿನೊಳಗೆ ಟಕ್ ಎಂದಿತು. ಇನ್ನೊಮ್ಮೆ ಟಕ್. ಆಮೇಲೆ ಬಿಡುವಿಲ್ಲದೆ ಟಕ್ ಟಕ್ ಟಕ್.

ಚಾಚಾ ಎದ್ದು ಬಂದು ಕರೆಂಟು ತೆಗೆದರು. ಡಿಸ್ಕಿನ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ತಟ್ಟೆಯನ್ನು ಓದುವ ಮುಳ್ಳು ದಣಿದಿದೆ, ಇನ್ನು ತಿರುಗಿಸಿದರೆ ತಟ್ಟೆಯನ್ನೇ ಗೀರುತ್ತದೆ ಎಂದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚು ಆ ಡಿಸ್ಕಿನ ಮೇಲೆ. "ಒಗದ್ಬಿಡ್ರಿ ಅದನ್ನ" ಎಂದು ಹೇಳಿ, ಮಗಳ ಫೋಟೊ ತುಂಬಿದ ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡು ಇಳಿದೆ. ಹಿಂದಿನಿಂದ ಚಾಚಾ, "ಆ ತಂಗೀಗಿ ನೀನ ಹೋಗಿ ಹೇಳ, ತಮ್ಮಾ" ಅಂದರು. ಹೂಂ ಅಂದೆ.

ಹೋಗಲಿಲ್ಲ. ಅದರ ಬದಲು ಇನ್ನೊಂದು ಬುದ್ಧಿ ಓಡಿಸಿದೆ. ಅವಳ ಮೈದುನನ ಕೈಯಲ್ಲಿ ಸತ್ತವನ ಆಧಾರ್ ಕಾರ್ಡು ತರಿಸಿ, ಅದರ ಮೇಲಿನ ಹೆಬ್ಬೆರಳಿನಷ್ಟು ಚಿತ್ರವನ್ನು ದೊಡ್ಡದು ಮಾಡಿದೆ. ಆ ಕಾರ್ಡಿನಲ್ಲಿ ಯಾರು ತಾನೇ ಮನುಷ್ಯರ ಹಾಗೆ ಕಾಣುತ್ತಾರೆ! ಕಣ್ಣಿನ ಜಾಗದಲ್ಲಿ ಎರಡು ಮಸಿ, ಬಾಯಿಯ ಜಾಗದಲ್ಲಿ ಒಂದು ಗೆರೆ. ಕಣ್ಣನ್ನು ತಿದ್ದಿದೆ, ಬೇರೆ ಯಾರದೋ ಕೋಟು ತೊಡಿಸಿದೆ, ಹಿಂದೆ ನೀಲಿ ಬಣ್ಣ ಹಾಕಿದೆ. ಚೌಕಟ್ಟು ಹಾಕಿಸಿ ಹತ್ತನೆಯ ದಿನ ಮೈದುನನ ಕೈಯಲ್ಲೇ ಕಳಿಸಿದೆ. ಒಂದು ಗಂಟೆಯೊಳಗೆ ಅದು ಪೇಪರಿನಲ್ಲಿ ಸುತ್ತಿಕೊಂಡು ವಾಪಸು ಬಂತು. ಇವರು ಅವರಲ್ಲ ಎಂದು ಅಕ್ಕ ಹೇಳಿದಳಂತೆ. ಹನ್ನೊಂದನೆಯ ದಿನ ಆ ಮನೆಯಲ್ಲಿ ಒಂದು ಕಟ್ಟಿಗೆಯ ಕುರ್ಚಿಯ ಮೇಲೆ ಅವನ ರುಮಾಲು ಇಟ್ಟು ಅದಕ್ಕೇ ಹಾರ ಹಾಕಿದರೆಂದು ಊರವರು ಹೇಳಿದರು.

ಅವತ್ತಿನಿಂದ ನಾನು ಆ ಓಣಿಗೆ ಕಾಲಿಡಲಿಲ್ಲ. ಆ ಕಡೆ ಯಾರದಾದರೂ ಮದುವೆಯ ಫೋಟೊ ಕೆಲಸ ಬಂದರೆ ಬೇರೆಯವರಿಗೆ ದಾಟಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕಂಡರೆ ಅಂಗಡಿಯ ಹಿಂದೆ ಸರಿಯುತ್ತಿದ್ದೆ. ದೊಡ್ಡ ಮನುಷ್ಯ ನಾನು, ಒಬ್ಬ ಕೂಲಿ ಹೆಣ್ಣುಮಗಳಿಗೆ ಮುಖ ತಪ್ಪಿಸಿ ಓಡಾಡಿದೆ.

ಚಾಚಾರ ಹತ್ತಿರ ಮಾತ್ರ ಹೋಗುತ್ತಲೇ ಇದ್ದೆ. ಸ್ಟುಡಿಯೊದ ಕಂಪ್ಯೂಟರಿಗೆ ಏನಾದರೂ ಆಗುತ್ತಿತ್ತು, ಅಥವಾ ಏನೂ ಆಗಿರುತ್ತಿರಲಿಲ್ಲ, ಸುಮ್ಮನೆ ಹೋಗುತ್ತಿದ್ದೆ. ಯಾವ ಫೈಲನ್ನೂ ಒಂದೇ ಡಿಸ್ಕಿನಲ್ಲಿ ಇಡಬಾರದೆಂದು ಕಲಿಸಿದವರು ಅವರು. ಚಹವನ್ನು ಕಪ್ಪಿನಿಂದ ಬಸಿಗೆ ಸುರಿದು, ಊದಿ, ನನ್ನ ಮುಂದೆ ಸರಿಸಿ, ನಾನು ನಿಂತಿದ್ದರೆ ಮತ್ತೆ ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ಕೂತರೆ ಮಾತ್ರ ಚಹ. ಕುಡಿಯುವಾಗ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: "ಆ ತಂಗಿ ಮನಿಗೆ ಹೋಗಿದ್ದೇನು?" ಹೋಗುತ್ತೇನೆ ಎನ್ನುತ್ತಿದ್ದೆ. ಮೊದಮೊದಲು ಆ ಪ್ರಶ್ನೆಗೆ ಹೆದರಿ ನಾಲ್ಕು ತಿಂಗಳು ಹೋಗದೆ ಇದ್ದದ್ದೂ ಉಂಟು. ಅವರು ಮಾತ್ರ ಎಂದೂ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಒಂದು ಸಲ ಹೋದಾಗ ಅಂಗಡಿಯ ಮೂಲೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಯೊಂದು ಬೋರಲಾಗಿ ಕೂತಿತ್ತು. ಒಂದು ಬದಿಗೆ ಎರಡು ತೂತು, ತೂತಿಗೆ ರಬ್ಬರಿನ ಕೈಗವಸು. ಚಾಚಾ, ಮೀನು ಸಾಕುತ್ತಿದ್ದೀರೇನು ಎಂದು ಚೇಷ್ಟೆ ಮಾಡಿದೆ. ಹೌದು, ಉಪವಾಸ ಇರುವ ಮೀನು ಎಂದರು. ಒಳಗೆ ಧೂಳು ಹೋಗದಂತೆ ಡಿಸ್ಕುಗಳ ಹೊಟ್ಟೆ ತೆರೆಯಲು ಮಾವ ಅದನ್ನು ಮಾಡಿಕೊಂಡಿದ್ದಾರೆ, ಓದುವ ಮುಳ್ಳನ್ನೇ ಬದಲಾಯಿಸಲು ಕಲಿಯುತ್ತಿದ್ದಾರೆ ಎಂದು ಸೊಸೆ ಹೇಳಿದಳು. ಕಲಿಯಲು ಹೋಗಿ ಹನ್ನೊಂದು ಹಳೆಯ ಡಿಸ್ಕು ಕೆಡಿಸಿದ್ದಾರೆ ಎಂದು ನಕ್ಕಳು. ಈ ವಯಸ್ಸಿನಲ್ಲಿ ಯಾರ ಸಲುವಾಗಿ ಇಷ್ಟು ಕಷ್ಟ ಎಂದು ಕೇಳಬೇಕಿತ್ತು. ನನಗೆ ಯಾವುದೋ ಆರತಕ್ಷತೆಗೆ ಹೊತ್ತಾಗಿತ್ತು.

ಅದಾದ ಮೇಲೆ ಅವರ ಪ್ರಶ್ನೆ ಸ್ವಲ್ಪ ಬದಲಾಯಿತು. ಹೋಗಿದ್ದೇನು ಎಂದು ಕೇಳುವುದನ್ನು ಬಿಟ್ಟು, "ಒಮ್ಮೆ ಹೋಗಿ ಬಾ, ನಿನಗ ಛಲೋ ಆಕ್ಕೈತಿ" ಎನ್ನತೊಡಗಿದರು. ಹೇಳುವಾಗ ಆ ಉಂಗುರದ ಕಣ್ಣು ಸಣ್ಣದಾಗಿ ನಗುತ್ತಿತ್ತು. ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡೆ.

ಹೋದ ವರ್ಷ ಚಾಚಾ ಹೋದರು. ಎರಡು ತಿಂಗಳು ಉಬ್ಬಸದಲ್ಲಿ ನರಳಿದರಂತೆ. ನಾನು ಒಂದು ಸಲ ನೋಡಿ ಬಂದಿದ್ದೆ, ಬಾಗಿಲಲ್ಲೇ ನಿಂತು. ಅವರು ಕೈಯೆತ್ತಿ ಹಾಸಿಗೆಯ ಅಂಚನ್ನು ತಟ್ಟಿದ್ದರು, ಕೂಡು ಎಂದು. ಮತ್ತೆ ಬರುತ್ತೇನೆ ಎಂದು ಹೇಳಿ ಬಂದೆ. ಸುದ್ದಿ ಬಂದ ದಿನ ಅಂಕಲಗಿಯಲ್ಲಿ ಒಂದು ಮದುವೆಯ ಮಂಟಪದಲ್ಲಿದ್ದೆ, ಫೋನಿನ ಸದ್ದು ಬಂದ್ ಮಾಡಿದ್ದೆ. ಗೋಕಾಕ ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟು ಎಲ್ಲರೂ ತಿರುಗಿ ಬಂದಿದ್ದರು. ಅವರ ಮನೆಯಲ್ಲಿ ಗೋಡೆಗೆ ಫೋಟೊ ಹಾಕುವ ರೂಢಿಯಿಲ್ಲ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಇಷ್ಟು ವರ್ಷ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಅವರ ಮುಂದೆ ನಿಂತವನು ನಾನು. ಅವರದೊಂದು ಫೋಟೊ ತೆಗೆದಿರಲಿಲ್ಲ.

ವಾರದ ನಂತರ ಸೊಸೆ ಕರೆಸಿದಳು. ನನ್ನ ಕೈಗೇ ಕೊಡಬೇಕೆಂದು ಮಾವ ಹೇಳಿದ್ದರೆಂದು ಒಂದು ಬಿಸ್ಕೀಟಿನ ಡಬ್ಬಿ ಕೊಟ್ಟಳು. ಒಳಗೆ, ಒಗೆದುಬಿಡಿ ಎಂದು ನಾನು ಹೇಳಿದ್ದ ಡಿಸ್ಕು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದು. ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಹಳೆಯ ಚೀಟಿ. ಒಂದು: ಮಗಳು. ಎರಡು: ತಂಗಿಯ ಯಜಮಾನರು. ಮೊದಲನೆಯದರ ಮುಂದೆ ಪೆನ್ಸಿಲಿನ ರೈಟ್. ಎರಡನೆಯದರ ಮುಂದೆಯೂ ರೈಟ್, ಅದು ಪೆನ್ನಿನದು.

ಯಾರಾದರೂ ಕಣ್ಣಾರೆ ನೋಡಿ ಹೌದು ಅನ್ನದೆ ಚಾಚಾ ರೈಟ್ ಹಾಕುವವರಲ್ಲ. ಇದು ಯಾವಾಗಿನದು ಎಂದು ಕೇಳಿದೆ.

"ಐದ ವರ್ಷ ಆತಲ್ರಿ" ಎಂದಳು ಸೊಸೆ. "ಮಾವಾರು ನಿಮಗ ಹೇಳಿಲ್ಲೇನು? ನೀವ ಅವರ ಮನಿಗೆ ಹೋದ್ರ ಗೊತ್ತಾಕ್ಕೈತಿ ಅಂತಿದ್ರು."

ಗೋಕಾಕದಿಂದ ಕಲ್ಲೋಳಿಯ ತನಕ ಗಾಡಿ ಹೇಗೆ ಬಂತೋ ತಿಳಿಯದು. ಸ್ಟುಡಿಯೊದ ಹತ್ತಿರ ನಿಲ್ಲಿಸದೆ ನೇರ ಆ ಓಣಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗಡಬಡಿಸಲಿಲ್ಲ, ನಿನ್ನೆ ಬಂದು ಹೋದವನನ್ನು ಕರೆದ ಹಾಗೆ ಒಳಗೆ ಕರೆದಳು.

ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಬಾಜೂಕ್ಕೆ ಅವನು. ನನ್ನ ನೀಲಿ ಪರದೆಯ ಮುಂದೆ, ನನ್ನ ಗಿಡ್ಡ ತೋಳಿನ ಕೋಟಿನಲ್ಲಿ, ನಗಬೇಡ ಎಂದಷ್ಟೂ ನಗುತ್ತ.

ಅವಳೇ ಹೇಳಿದಳು. ಚಾಚಾ ಬಸ್ಸಿನಲ್ಲಿ ಬಂದು, ನನ್ನ ಸ್ಟುಡಿಯೊದ ಮುಂದಿನಿಂದಲೇ ನಡೆದು, ಮನೆ ಕೇಳುತ್ತ ಬಂದಿದ್ದರು. ಒಮ್ಮೆ ಗೋಕಾಕಕ್ಕೆ ಬರಬೇಕು, ನಿಮ್ಮವರು ಯಾರೆಂದು ನೀವೇ ಗುರುತಿಸಬೇಕು ಎಂದಿದ್ದರು.

"ಹೋದಿನ್ರಿ. ಟೀವಿಯಂಥಾದ್ರಾಗ ಒಂದೊಂದ ಮುಖ ಬಂದ್ವು. ಎಷ್ಟೋ ಮಂದಿ. ಅವರು ಗ್ವಾಡಿ ಕಡೆ ತಿರಗಿ ಕುಂತಿದ್ರು. ಇವರು ಬಂದ ಕೂಡ್ಲೇ ನಾ, ಹಾಂ ಇವರ, ಅಂದಿನಿ. ಆ ಮುದುಕಪ್ಪ ತಿರಗಿ ನೋಡಲಿಲ್ಲ. ಭುಜ ಅಷ್ಟ ಅಳ್ಳಾಡಾಕತ್ತಿದ್ವು."

ಸೆರಗಿನಿಂದ ಚೌಕಟ್ಟಿನ ಧೂಳು ಒರೆಸುತ್ತ ಅಂದಳು: "ನಿಮ್ಮ ಹೆಸರ ಹೇಳಿದ್ರು. ಫೋಟೊದವ್ರು ಡಿಸ್ಕ್ ನನ್ನ ಕಡೆ ಬಿಟ್ಟಾರ, ಎಷ್ಟ ವರ್ಷ ಆಗ್ಲಿ ಬಿಡಬ್ಯಾಡ್ರಿ ಅಂದಾರ ಅಂತ. ಅವರ ಒಂದಿನ ಬರ್ತಾರ ಅಂತನೂ ಹೇಳಿದ್ರು."

ನನಗೆ ಬಾಗಿಲ ಕಡೆ ಕಾಲು ಹೋಗುತ್ತಿತ್ತು. ಹೌದೆಂದು ತಲೆಯಾಡಿಸಿ ಹೊರಟುಬಿಟ್ಟಿದ್ದರೆ ಆ ಸುಳ್ಳು ಅಲ್ಲಿಗೇ ಚೆನ್ನಾಗಿ ಮುಗಿಯುತ್ತಿತ್ತು. ಚಾಚಾ ನನಗಾಗಿ ಅಷ್ಟು ಅಂದವಾಗಿ ಕಟ್ಟಿಟ್ಟು ಹೋಗಿದ್ದರು. ಅದನ್ನು ತೊಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಅಕ್ಕಾರ, ನಾ ಹಂಗ ಅಂದಿರಲಿಲ್ರಿ. ಒಗದ್ಬಿಡ್ರಿ ಅಂದಿದ್ನಿ. ಮೊದಲ ನನ್ನ ಮಗಳದ ತಗಸಿದ್ನಿ, ಅದಕ್ಕ ನಿಮ್ದು ಹೋತು."

ಅವಳು ಗೋಡೆಯ ಮೇಲಿನ ನಗುವನ್ನು ನೋಡುತ್ತಿದ್ದಳು.

"ಮಗಳ ಸುದ್ದಿ ಗೊತ್ತಿರಲಿಲ್ರಿ" ಎಂದಳು. "ಉಳದದ್ದ ಗೊತ್ತಿತ್ತು. ಕರೆಂಟ್ ಹೋತು ಅಂದ್ರಿ ಅವತ್ತ, ಫ್ಯಾನ ತಿರಗಾಕತ್ತಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಮೂಲೆಯಲ್ಲಿದ್ದ ಕಟ್ಟಿಗೆಯ ಕುರ್ಚಿಯನ್ನು ಎಳೆದು, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟಳು. ಆ ಮನೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.

"ಕುಂಡ್ರಿ. ಚಾ ಇಡ್ತೇನಿ."

ಕುಳಿತೆ. ಚಹ ಬಂತು, ಆರುವ ತನಕ ಕೈಯಲ್ಲಿ ಹಿಡಿದುಕೊಂಡು ಕುಳಿತೇ ಇದ್ದೆ.